ಗುಡ್ಡದ ರನ್‌ವೇ, ಬಯಲಿನ ರನ್‌ವೇ

ಎರಡು ಸಂಖ್ಯೆ ಹೇಳ್ತೀನಿ, ನೆನಪಿಟ್ಟುಕೊಳ್ಳಿ. ಒಂದು 2450. ಇನ್ನೊಂದು 3175. ಎರಡೂ ಮೀಟರ್ ಲೆಕ್ಕ. ಮೊದಲನೆಯದು ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ರನ್‌ವೇ ಉದ್ದ. ಎರಡನೆಯದು ನಮ್ಮ ಕಲಬುರಗಿ ವಿಮಾನ ನಿಲ್ದಾಣದ್ದು. ಹೌದು, ಸರಿಯಾಗೇ ಓದಿದ್ರಿ. ಕಲಬುರಗಿಯ ರನ್‌ವೇ ಮಂಗಳೂರಿನದಕ್ಕಿಂತ 725 ಮೀಟರ್ ಉದ್ದ. ಆದರೆ ದುಬೈ, ಅಬುಧಾಬಿಗಳಿಗೆ ವಿಮಾನ ಹಾರುವುದು ಮಂಗಳೂರಿನಿಂದ. ಕಲಬುರಗಿಯಲ್ಲಿ ಬೆಂಗಳೂರಿಗೆ ಒಂದು ವಿಮಾನ ನಿತ್ಯ ಸಿಕ್ಕರೆ ಅದೇ ದೊಡ್ಡ ಸುದ್ದಿ.

ಯಾಕೆ ಹೀಗೆ? ಈ ಪ್ರಶ್ನೆ ನನಗೆ ಸ್ಟುಡಿಯೋದಲ್ಲಿ ಹುಟ್ಟಿದ್ದಲ್ಲ. ಸುರಪುರ ತಾಲ್ಲೂಕಿನ ತಿಂಥಣಿ ಕಡೆಯಿಂದ ಬಂದದ್ದು. ತಿಂಥಣಿ ಗೊತ್ತಿಲ್ಲದವರಿಗೆ ಹೇಳ್ತೀನಿ. ಅದು ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣಾ ನದಿ ದಂಡೆಯ ಊರು, ಮೌನೇಶ್ವರರ ಕ್ಷೇತ್ರ. ಹಿಂದೂಗಳೂ ನಡೆದುಕೊಳ್ತಾರೆ, ಮುಸ್ಲಿಮರೂ ನಡೆದುಕೊಳ್ತಾರೆ. ಹೊಳೆಯ ಸೇತುವೆ ದಾಟಿದರೆ ರಾಯಚೂರು ಜಿಲ್ಲೆ. ಈ ಭಾಗದ ಜನ ಮಳೆ ಕೈಕೊಟ್ಟರೆ ಗುಳೆ ಹೋಗ್ತಾರೆ. ಬೆಂಗಳೂರು, ಪುಣೆ, ಮುಂಬೈ, ಮಂಗಳೂರು. ಕರಾವಳಿಯ ಕಟ್ಟಡಗಳಲ್ಲಿ ಕಲ್ಲು ಹೊತ್ತವರು, ಗಾರೆ ಕಲಸಿದವರು, ಸೆಂಟ್ರಿಂಗ್ ಕಟ್ಟಿದವರು ಬಹಳ ಮಂದಿ ನಮ್ಮ ಕಡೆಯವರೇ. ಬಜ್ಪೆ ಹತ್ತಿರ ಒಂದೆರಡು ವರ್ಷ ದುಡಿದು ಬಂದ ಹಿರಿಯರೊಬ್ಬರು ನನ್ನನ್ನ ಕೇಳಿದ್ದರು: "ತಮ್ಮಾ, ಅಲ್ಲಿ ಗುಡ್ಡದ ಮ್ಯಾಲ ವಿಮಾನ ಇಳಸ್ತಾರ. ನಮ್ ಕಡಿ ಇಷ್ಟು ಬಯಲ ಅದ, ಇಲ್ಲಿ ಯಾಕ ಇಳಿಯಂಗಿಲ್ಲ?"

ಇಂಜಿನಿಯರಿಂಗ್ ಓದಿ ಮೈಕ್ ಹಿಡಿದವನು ನಾನು. ಇಂಥ ಪ್ರಶ್ನೆಗೆ ಎರಡು ಸಾಲಿನ ಉತ್ತರ ಕೊಟ್ಟು ಬ್ರೇಕ್ ತಗೊಳ್ಳೋದು ಸರಿಯಲ್ಲ ಅನ್ನಿಸಿತು. ಉತ್ತರ ಸುಮಾರು ಎಪ್ಪತ್ತೈದು ವರ್ಷ ಉದ್ದ ಇದೆ. ಅದರ ಮಧ್ಯೆ 158 ಸಾವುಗಳೂ ಇವೆ.

ನಮ್ಮ ಆಕಾಶದಿಂದಲೇ ಶುರು ಮಾಡೋಣ. 1948ರವರೆಗೆ ನಮ್ಮ ಸುರಪುರ, ಶಹಾಪುರ, ಯಾದಗಿರಿ ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಇದ್ದವು. ನಮಗೆ ವಿಮಾನ ಅಂದರೆ ಹೈದರಾಬಾದಿನ ಬೇಗಂಪೇಟೆ. ಆ ಸಂಸ್ಥಾನಕ್ಕೆ ಸ್ವಂತದ್ದೊಂದು ವಿಮಾನ ಕಂಪನಿಯೂ ಇತ್ತು, ಡೆಕ್ಕನ್ ಏರ್‌ವೇಸ್. 1945ರಲ್ಲಿ ಹುಟ್ಟಿದ ಅದು 1953ರಲ್ಲಿ ರಾಷ್ಟ್ರೀಕರಣವಾದಾಗ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಕರಗಿಹೋಯಿತು. ಅಂದರೆ ವಿಮಾನದ ವಿಷಯದಲ್ಲಿ ನಮ್ಮ ಭಾಗ ಹಿಂದುಳಿದೇ ಹುಟ್ಟಿತು ಅನ್ನುವ ಮಾತು ಸುಳ್ಳು. ವಿಮಾನ ಇತ್ತು. ಅದು ರಾಜಧಾನಿಯ ಸುತ್ತ ಇತ್ತು, ಅಷ್ಟೇ.

ಇನ್ನೊಂದು ವಿಚಿತ್ರ ನೋಡಿ. 1948ರಲ್ಲಿ ಸಿಡ್ನಿ ಕಾಟನ್ ಅನ್ನುವ ಆಸ್ಟ್ರೇಲಿಯಾದ ಪೈಲಟ್ ಒಬ್ಬ ಕರಾಚಿಯಿಂದ ರಾತ್ರಿ ಹೊತ್ತು ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ನಿಜಾಮರಿಗೆ ಶಸ್ತ್ರಾಸ್ತ್ರ ಸಾಗಿಸುತ್ತಿದ್ದ. ಆ ವಿಮಾನಗಳು ಇಳಿಯುತ್ತಿದ್ದ ಜಾಗಗಳಲ್ಲಿ ನಮ್ಮ ಬೀದರ್ ಕೂಡ ಒಂದು. ಕಲ್ಯಾಣ ಕರ್ನಾಟಕದ ನೆಲದಲ್ಲಿ ಇಳಿದ ಮೊದಮೊದಲ 'ಅಂತಾರಾಷ್ಟ್ರೀಯ' ವಿಮಾನಗಳು ಹೊತ್ತು ತಂದದ್ದು ಪ್ರಯಾಣಿಕರನ್ನಲ್ಲ, ಬಂದೂಕುಗಳನ್ನು. ಅದೇ ವರ್ಷ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು. ಐದು ದಿನದಲ್ಲಿ ಎಲ್ಲ ಮುಗಿಯಿತು. ಬೀದರಿನ ಆ ಮೈದಾನ ಮುಂದೆ ವಾಯುಪಡೆಯ ತರಬೇತಿ ಕೇಂದ್ರವಾಯಿತು. ಅಲ್ಲಿಂದ ಜನಸಾಮಾನ್ಯರು ಟಿಕೆಟ್ ತೆಗೆದುಕೊಂಡು ಹಾರಲು 2020 ಬರಬೇಕಾಯಿತು.

ಈಗ ಕರಾವಳಿಗೆ ಹೋಗೋಣ. ಹೈದರಾಬಾದ್ ಭಾರತಕ್ಕೆ ಸೇರಿ ಮೂರು ವರ್ಷವಾಗಿತ್ತಷ್ಟೆ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದು ಮಂಗಳೂರಿನ ಬಜ್ಪೆಯಲ್ಲಿ ಇಳಿದರು. ನಿಲ್ದಾಣ ಶುರುವಾಯಿತು. ಜಾಗ ಎಂಥದು? ಕೆಂಪುಕಲ್ಲಿನ ಗುಡ್ಡದ ನೆತ್ತಿ. ಕರಾವಳಿಯಲ್ಲಿ ಸಪಾಟು ನೆಲ ಅಂದರೆ ಗದ್ದೆ, ತೋಟ, ಹೊಳೆ. ಉಳಿದದ್ದೆಲ್ಲ ಏರು ತಗ್ಗು. ಹಾಗಾಗಿ ಗುಡ್ಡದ ತಲೆ ಸವರಿ ರನ್‌ವೇ ಮಾಡಿದರು. ಇಂಥದ್ದಕ್ಕೆ ಟೇಬಲ್‌ಟಾಪ್ ಅನ್ನುತ್ತಾರೆ. ಮೇಜಿನ ಮೇಲೆ ಆಟಿಕೆ ಕಾರು ಓಡಿಸಿದ ಹಾಗೆ. ಮೇಜು ಮುಗಿದರೆ ಮುಗಿಯಿತು, ಕೆಳಗೆ ಕಣಿವೆ.

ಆ ಮೊದಲ ರನ್‌ವೇ ಉದ್ದ 1615 ಮೀಟರ್. ಡಕೋಟಾಗೆ ಸಾಕು, ಆವ್ರೋಗೆ ಸಾಕು. ಆದರೂ ಎಚ್ಚರಿಕೆ ಬೇಗನೇ ಸಿಕ್ಕಿತು. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ಒಂದು ರನ್‌ವೇ ಮೀರಿ ಮುಂದೆ ಹೋಗಿ ನಿಂತಿತು. ಆಗ ರಾಜ್ಯದ ಸಚಿವರಾಗಿದ್ದ ವೀರಪ್ಪ ಮೊಯಿಲಿ ಅದರಲ್ಲಿದ್ದರು. ಯಾರೂ ಸಾಯಲಿಲ್ಲ. ಯಾರೂ ಸಾಯದ ಅಪಘಾತಕ್ಕೆ ನಮ್ಮ ದೇಶದಲ್ಲಿ ಎಷ್ಟು ದಿನದ ನೆನಪು ಇರುತ್ತೆ ಅಂತ ನಿಮಗೇ ಗೊತ್ತು.

ಮಂಗಳೂರಿಗೆ ದೊಡ್ಡ ವಿಮಾನ ಯಾಕೆ ಬೇಕಾಯಿತು? ಅಲ್ಲಿನ ಮಂತ್ರಿಗಳು ಚುರುಕು, ನಮ್ಮವರು ಮಂಕು ಅನ್ನೋ ಉತ್ತರ ನಮ್ಮ ಕಡೆ ಬಹಳ ಚಾಲ್ತಿಯಲ್ಲಿದೆ. ನಿಜವಾದ ಉತ್ತರ ಕೊಲ್ಲಿ ದೇಶಗಳಲ್ಲಿದೆ. 1970ರ ದಶಕದಲ್ಲಿ ಎಣ್ಣೆ ಬೆಲೆ ಏರಿತು, ಕೊಲ್ಲಿಯಲ್ಲಿ ಕಟ್ಟಡ ಎದ್ದವು, ಕೆಲಸಕ್ಕೆ ಜನ ಬೇಕಾಯಿತು. ದಕ್ಷಿಣ ಕನ್ನಡ, ಉಡುಪಿ, ಭಟ್ಕಳ, ಕಾಸರಗೋಡಿನಿಂದ ಮನೆಗೊಬ್ಬರಂತೆ ಹೊರಟರು. ಅವರಿಗೆ ಮಂಗಳೂರಿನಿಂದ ನೇರ ವಿಮಾನ ಇರಲಿಲ್ಲ. ಟ್ರಂಕು ಹೊತ್ತು ಮುಂಬೈವರೆಗೆ ಬಸ್ಸು, ಅಲ್ಲಿ ಏಜೆಂಟರ ಕೋಣೆಯಲ್ಲಿ ಕಾಯುವುದು, ಆಮೇಲೆ ವಿಮಾನ. ವಾಪಸ್ ಬರುವಾಗಲೂ ಅದೇ ದಾರಿ. ತಾಯಿ ತೀರಿಕೊಂಡ ಸುದ್ದಿ ಬಂದರೆ ಮಣ್ಣಿಗೆ ಮುಟ್ಟುವುದು ಕಷ್ಟ. ಇಂಥ ಸಾವಿರ ಸಾವಿರ ಜನರ ಅಗತ್ಯವೇ ಆ ಗುಡ್ಡದ ಮೇಲೆ ಎರಡನೇ ರನ್‌ವೇ ತಂದದ್ದು.

ಆ ಹೊಸ ರನ್‌ವೇ 2006ರಲ್ಲಿ ಬಳಕೆಗೆ ಬಂತು. ಕಾಂಕ್ರೀಟಿನದು, 2450 ಮೀಟರ್. ಅದರ ಹೆಸರು 06/24. ಈ ಅಂಕಿ ಏನು ಅಂತ ಬಹಳ ಜನ ಕೇಳ್ತಾರೆ. ದಿಕ್ಸೂಚಿಯಲ್ಲಿ ಸುಮಾರು 60 ಡಿಗ್ರಿ ಕಡೆಗೆ ಮುಖ ಮಾಡಿ ಇಳಿದರೆ 06, ಎದುರು ತುದಿಯಿಂದ 240 ಡಿಗ್ರಿ ಕಡೆಗೆ ಇಳಿದರೆ 24. ಒಂದೇ ರಸ್ತೆಗೆ ಎರಡು ಹೆಸರು. ಅದೇ ವರ್ಷ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ಹಾರಿತು. ಮುಂಬೈಯ ಬಸ್ಸು ತಪ್ಪಿತು. ಸಂಜೆ ದುಬೈಯಲ್ಲಿ ಕೆಲಸ ಮುಗಿಸಿದವನು ಬೆಳಿಗ್ಗೆ ಮನೆಯಲ್ಲಿ ನೀರ್ ದೋಸೆ ತಿನ್ನುವ ಕಾಲ ಬಂತು. 2010ರ ಮೇ 15ರಂದು ಹೊಸ ಟರ್ಮಿನಲ್ ಕಟ್ಟಡವೂ ಉದ್ಘಾಟನೆಯಾಯಿತು.

ಸರಿಯಾಗಿ ಒಂದು ವಾರ. ಮೇ 22, ಶನಿವಾರ, ಬೆಳಿಗ್ಗೆ ಆರು ಗಂಟೆ ದಾಟಿತ್ತು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812, ಬೋಯಿಂಗ್ 737-800, ರನ್‌ವೇ 24ರಲ್ಲಿ ಇಳಿದು, ಮೀರಿ, ಕಣಿವೆಗೆ ಬಿದ್ದು ಉರಿಯಿತು. ಒಳಗಿದ್ದವರು 166. ಬದುಕಿದವರು ಎಂಟು.

ನಾನಾಗ ಇಂಜಿನಿಯರಿಂಗ್ ವಿದ್ಯಾರ್ಥಿ. ಆ ದಿನ ಎಲ್ಲ ಚಾನೆಲ್‌ಗಳೂ ಹೊಗೆ ತೋರಿಸಿದವು. ಲೆಕ್ಕ ತೋರಿಸಿದವರು ಕಡಿಮೆ. ಇವತ್ತು ಲೆಕ್ಕ ಹೇಳ್ತೀನಿ. ಏರ್ ಮಾರ್ಷಲ್ ಭೂಷಣ್ ನೀಲಕಂಠ ಗೋಖಲೆ ಅವರ ನೇತೃತ್ವದ ತನಿಖಾ ವರದಿಯಲ್ಲಿರುವುದೇ ಇದು.

ರನ್‌ವೇ ಆರಂಭದ ಗೆರೆ ದಾಟುವಾಗ ವಿಮಾನ ನೆಲದಿಂದ 50 ಅಡಿ ಎತ್ತರದಲ್ಲಿರಬೇಕು. ಅದು ಇದ್ದದ್ದು ಸುಮಾರು 200 ಅಡಿಯಲ್ಲಿ. ವೇಗ 144 ನಾಟ್ ಇರಬೇಕು. ಇದ್ದದ್ದು 160ಕ್ಕಿಂತ ಹೆಚ್ಚು. 16 ನಾಟ್ ಹೆಚ್ಚಾದರೆ ಏನಾಯ್ತು ಅನ್ನಬೇಡಿ. ವಿಮಾನದ ಚಲನಶಕ್ತಿ ವೇಗದ ವರ್ಗದಷ್ಟು ಏರುತ್ತೆ, ಇದು ಹೈಸ್ಕೂಲ್ ವಿಜ್ಞಾನ. 144ರಿಂದ 160ಕ್ಕೆ ಹೋದರೆ ಬ್ರೇಕು ನುಂಗಬೇಕಾದ ಶಕ್ತಿ ಶೇಕಡಾ 23ರಷ್ಟು ಜಾಸ್ತಿ. ಆ ವೇಗದಲ್ಲಿ ಪ್ರತಿ ಸೆಕೆಂಡಿಗೆ 80 ಮೀಟರ್‌ಗಿಂತ ಹೆಚ್ಚು ರನ್‌ವೇ ಚಕ್ರದ ಕೆಳಗೆ ಸರಿದುಹೋಗುತ್ತೆ. ಚಕ್ರ ನೆಲಕ್ಕೆ ಗಟ್ಟಿಯಾಗಿ ಕೂತಾಗ ಸುಮಾರು 5200 ಅಡಿ ಹಿಂದೆ ಉಳಿದಿತ್ತು. ರನ್‌ವೇ ಒಟ್ಟು ಉದ್ದವೇ 8033 ಅಡಿ.

ಅಷ್ಟಾದರೂ ಉಳಿದ ಜಾಗದಲ್ಲಿ ಪೂರ್ತಿ ಬ್ರೇಕ್ ಒತ್ತಿದ್ದರೆ ನಿಲ್ಲಿಸಬಹುದಿತ್ತು ಅನ್ನುತ್ತೆ ವರದಿ. ಆದರೆ ಎಂಜಿನ್ನಿನ ಬಲವನ್ನು ಹಿಮ್ಮುಖ ಮಾಡಿದ ಮೇಲೆ ಕ್ಯಾಪ್ಟನ್ ಮತ್ತೆ ಮೇಲೇಳಲು ನೋಡಿದರು. ಅದು ಮಾಡಬಾರದ ಕೆಲಸ. ಇಳಿಯುವ ಮೊದಲೇ ಸಹ ಪೈಲಟ್ 'ಬೇಡ, ಮೇಲೇರಿ ಇನ್ನೊಂದು ಸುತ್ತು ಬರೋಣ' ಎಂಬ ಅರ್ಥದ ಎಚ್ಚರಿಕೆ ಕೊಟ್ಟದ್ದು ಧ್ವನಿಮುದ್ರಿಕೆಯಲ್ಲಿದೆ. ಅದೇ ಧ್ವನಿಮುದ್ರಿಕೆಯಲ್ಲಿ ಅದಕ್ಕೂ ಮುಂಚೆ ಕ್ಯಾಪ್ಟನ್ ನಿದ್ದೆಯಲ್ಲಿದ್ದ ಉಸಿರಿನ ಸದ್ದೂ ಇದೆ. ದೂರದಿಂದ ವಿಮಾನ ಗುರುತಿಸುವ ರಾಡಾರ್ ಮೇ 20ರಿಂದ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ಎಂದಿಗಿಂತ ಹತ್ತಿರ ಬಂದ ಮೇಲೆ. ರನ್‌ವೇ ತುದಿಯಾಚೆ ಮರಳಿನ ಹಾಸು ದಾಟಿದ ವಿಮಾನದ ರೆಕ್ಕೆ, ದಾರಿ ತೋರುವ ಆಂಟೆನಾ ನಿಲ್ಲಿಸಿದ್ದ ಕಾಂಕ್ರೀಟ್ ಕಟ್ಟಿಗೆ ಬಡಿಯಿತು. ಆಮೇಲೆ ಕಣಿವೆ.

ಈ ಪಟ್ಟಿ ನೋಡಿದರೆ ಒಂದು ವಿಷಯ ಅರ್ಥವಾಗುತ್ತೆ. ರನ್‌ವೇ ಸಣ್ಣದು, ಅದಕ್ಕೇ ಬಿತ್ತು ಅನ್ನೋದು ಪೂರ್ತಿ ನಿಜ ಅಲ್ಲ. ಅದೇ ರನ್‌ವೇಯಲ್ಲಿ ಅಂಥದ್ದೇ ವಿಮಾನಗಳು ಸಾವಿರಾರು ಸಲ ಸುರಕ್ಷಿತವಾಗಿ ಇಳಿದಿದ್ದವು. ಆದರೆ ಬಯಲಿನ ನಿಲ್ದಾಣದಲ್ಲಿ ಪೈಲಟ್ ತಪ್ಪು ಮಾಡಿದರೆ ವಿಮಾನ ಹೊಲಕ್ಕೆ ನುಗ್ಗಿ ನಿಲ್ಲುವ ಅವಕಾಶ ಇರುತ್ತೆ. ಗುಡ್ಡದ ಮೇಲೆ ತಪ್ಪಿಗೆ ಜಾಗ ಇಲ್ಲ. ಜಾಗ ಇಲ್ಲದ ಕಡೆ ಉಳಿದ ಎಲ್ಲವೂ ದುಪ್ಪಟ್ಟು ಸರಿಯಾಗಿರಬೇಕು: ಪೈಲಟ್ ನಿದ್ದೆ, ರಾಡಾರ್ ರಿಪೇರಿ, ಆಂಟೆನಾದ ಕಂಬ, ಎಲ್ಲ. ಅಂತಾರಾಷ್ಟ್ರೀಯ ನಿಯಮದಲ್ಲಿ ರನ್‌ವೇ ತುದಿಯ ಸುರಕ್ಷತಾ ಜಾಗ ಕನಿಷ್ಠ 90 ಮೀಟರ್ ಇರಬೇಕು, 240 ಮೀಟರ್ ಇದ್ದರೆ ಒಳ್ಳೆಯದು. ಮಂಗಳೂರಿನಲ್ಲಿ ಇದ್ದದ್ದು ಕನಿಷ್ಠದ್ದು. ಕಾಗದದ ಮೇಲೆ ಯಾವ ನಿಯಮವೂ ಮುರಿದಿರಲಿಲ್ಲ. 2020ರ ಆಗಸ್ಟ್ 7ರಂದು ಕೇರಳದ ಕರಿಪುರದಲ್ಲಿ, ಇನ್ನೊಂದು ಟೇಬಲ್‌ಟಾಪ್‌ನಲ್ಲಿ, ಅದೇ ಕಂಪನಿಯ ಅದೇ ಮಾದರಿಯ ವಿಮಾನ ಮಳೆಯಲ್ಲಿ ರನ್‌ವೇ ಮೀರಿ ಬಿತ್ತು. 21 ಸಾವು. ಹತ್ತು ವರ್ಷದ ಪಾಠಕ್ಕೆ ಅದೇ ಮಾರ್ಕ್ಸ್ ಕಾರ್ಡ್.

ಸತ್ತವರು ಯಾರು? ಹೆಚ್ಚಿನವರು ರಜೆಗೆ ಬರುತ್ತಿದ್ದ ದುಡಿಯುವ ಜನ, ಅವರ ಹೆಂಡತಿ ಮಕ್ಕಳು. ಗುರುತು ಸಿಗದೆ ಉಳಿದ ದೇಹಗಳನ್ನು ಕೂಳೂರು ಹತ್ತಿರ ಫಲ್ಗುಣಿ ನದಿ ಬಳಿ ಒಟ್ಟಿಗೆ ಮಣ್ಣು ಮಾಡಿದರು. ಯಾರ ಧರ್ಮ ಯಾವುದು ಅಂತ ಗೊತ್ತಿಲ್ಲದೆ ಎಲ್ಲರ ಪ್ರಾರ್ಥನೆಯೂ ಅಲ್ಲಿ ನಡೆಯಿತು. ಪರಿಹಾರದ ಜಗಳ ವರ್ಷಗಟ್ಟಲೆ ಕೋರ್ಟಿನಲ್ಲಿ ಓಡಿತು. ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ, ಅಪಘಾತವಾಗಿ ಹತ್ತು ವರ್ಷಕ್ಕೆ.

ನಿಲ್ದಾಣ ನಿಲ್ಲಲಿಲ್ಲ. 2012ರಲ್ಲಿ ಅಂತಾರಾಷ್ಟ್ರೀಯ ಸ್ಥಾನಮಾನ ಸಿಕ್ಕಿತು. ಬೆಂಗಳೂರಿನ ನಂತರ ರಾಜ್ಯದ ಎರಡನೆಯದು. 2020ರ ಅಕ್ಟೋಬರ್ 31ರಿಂದ 50 ವರ್ಷಗಳ ಗುತ್ತಿಗೆ ಮೇಲೆ ಅದಾನಿ ಸಮೂಹ ನಡೆಸುತ್ತಿದೆ. 2023ರಲ್ಲಿ ಹಳೆಯ ಕಾಂಕ್ರೀಟಿನ ಮೇಲೆ ಡಾಂಬರು ಹೊದಿಸಿದರು. ಇರುವುದು ಒಂದೇ ಮುಖ್ಯ ರನ್‌ವೇ, ಮುಚ್ಚಿದರೆ ಊರೇ ಮುಚ್ಚಿದ ಹಾಗೆ. ಅದಕ್ಕೇ ನಾಲ್ಕು ತಿಂಗಳು ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ಹಾರಾಟ ನಿಲ್ಲಿಸಿ ಕೆಲಸ, ಉಳಿದ ಹೊತ್ತು ವಿಮಾನ. ದೊಡ್ಡ ನಿಲ್ದಾಣಕ್ಕೂ ಎರಡನೇ ಸಾಲಿನ ನಿಲ್ದಾಣಕ್ಕೂ ವ್ಯತ್ಯಾಸ ಇಲ್ಲಿ ಕಾಣುತ್ತೆ. ದೊಡ್ಡದಕ್ಕೆ ಬದಲಿ ರನ್‌ವೇ ಇರುತ್ತೆ. ಇದಕ್ಕೆ ಬದಲಿ ಇರುವುದು ಗಡಿಯಾರ ಮಾತ್ರ.

ಈಗ ನಮ್ಮ ಊರ ಕಡೆ ತಿರುಗೋಣ. ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಶ್ರೀನಿವಾಸ ಸರಡಗಿ. 2008ರಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ಅಡಿಗಲ್ಲು ಹಾಕಿದರು. ಖಾಸಗಿ ಸಹಭಾಗಿತ್ವ ಅಂದರು, ಅದು ಅರ್ಧಕ್ಕೆ ನಿಂತಿತು. ಸರ್ಕಾರವೇ ಮತ್ತೆ ಕೈಗೆತ್ತಿಕೊಂಡಿತು. 2018ರ ಆಗಸ್ಟ್‌ನಲ್ಲಿ ಪ್ರಾಯೋಗಿಕ ಹಾರಾಟ, 2019ರ ನವೆಂಬರ್ 22ರಂದು ಉದ್ಘಾಟನೆ. ಉದ್ಘಾಟಿಸಿದವರೂ ಯಡಿಯೂರಪ್ಪನವರೇ. ಮಧ್ಯೆ ಹನ್ನೊಂದು ವರ್ಷ, ಹಲವು ಮುಖ್ಯಮಂತ್ರಿಗಳು. 742 ಎಕರೆಯಷ್ಟು ನೆಲ. ಗುಡ್ಡ ಸವರುವ ಕೆಲಸ ಇಲ್ಲ, ಕಣಿವೆಯ ಭಯ ಇಲ್ಲ, ಕರಾವಳಿಯ ಮಳೆಗಾಲ ಇಲ್ಲ. ಪೈಲಟ್ ಕನಸು ಕಾಣುವಂಥ ರನ್‌ವೇ.

ಹಾಗಾದರೆ ವಿಮಾನ? ಸ್ಟಾರ್ ಏರ್ ಬಂತು, ಅಲಯನ್ಸ್ ಏರ್ ಬಂತು. ವೇಳಾಪಟ್ಟಿ ಬದಲಾಗುತ್ತಲೇ ಹೋಯಿತು. ಕಾರಣ ಉಡಾನ್ ಯೋಜನೆಯ ಒಳಗೇ ಇದೆ. 2016ರಲ್ಲಿ ಕೇಂದ್ರ ಘೋಷಿಸಿದ ಈ ಯೋಜನೆಯಲ್ಲಿ ಒಂದು ಗಂಟೆ ಹಾರಾಟದ ನಿಗದಿತ ಸೀಟುಗಳಿಗೆ ಆರಂಭದಲ್ಲಿ 2500 ರೂಪಾಯಿ ಮಿತಿ ಇತ್ತು. ಕಂಪನಿಗೆ ಆಗುವ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತೆ. ಅಷ್ಟರೊಳಗೆ ಜನ ಅಭ್ಯಾಸವಾಗಬೇಕು ಅನ್ನೋದು ಲೆಕ್ಕಾಚಾರ. ಮಂಗಳೂರಿನಲ್ಲಿ ಮೊದಲು ಪ್ರಯಾಣಿಕರು ಹುಟ್ಟಿದರು, ಮೂವತ್ತು ವರ್ಷ ಮುಂಬೈ ಬಸ್ಸು ಹತ್ತಿದರು, ಆಮೇಲೆ ರನ್‌ವೇ ಬಂತು. ಕಲಬುರಗಿಯಲ್ಲಿ ಮೊದಲು ರನ್‌ವೇ ಬಂತು, ಪ್ರಯಾಣಿಕರು ಮೂರು ವರ್ಷದೊಳಗೆ ಹುಟ್ಟಬೇಕು ಅಂದರು.

ಪ್ರಯಾಣಿಕರು ಇಲ್ಲವೇ ಇಲ್ಲ ಅಂತಲ್ಲ. ಕಲಬುರಗಿಯಲ್ಲಿ ಹೈಕೋರ್ಟ್ ಪೀಠ ಇದೆ, ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಇಎಸ್‌ಐ ಆಸ್ಪತ್ರೆ ಇದೆ. ವಕೀಲರು, ವೈದ್ಯರು, ಅಧಿಕಾರಿಗಳು, ಬೆಂಗಳೂರಿನ ಆಸ್ಪತ್ರೆಗೆ ಹೋಗುವ ರೋಗಿಗಳು ಇದ್ದಾರೆ. ಆದರೆ ತಿಂಥಣಿಯ ಗುಳೆ ಕುಟುಂಬದ ಲೆಕ್ಕ ಬೇರೆ. ಐದು ಜನ, ಒಂದು ಹಿಟ್ಟಿನ ಚೀಲ, ರೊಟ್ಟಿ ಗಂಟು, ಪಾತ್ರೆ ಪಗಡ. ಅವರಿಗೆ ಸುರಪುರದಿಂದ ರಾತ್ರಿ ಬಸ್ಸು ಇಲ್ಲವೇ ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ. ನಮ್ಮ ತೊಗರಿಗೆ ಭೌಗೋಳಿಕ ಮಾನ್ಯತೆ ಸಿಕ್ಕಿದೆ, ಸಂತೋಷ. ಆದರೆ ತೊಗರಿ ಚೀಲ ಲಾರಿಯಲ್ಲಿ ಹೋಗುತ್ತೆ, ವಿಮಾನದಲ್ಲಿ ಹೋಗಲ್ಲ. ಹಾಗಾಗಿ ಈ ದೊಡ್ಡ ರನ್‌ವೇ ಮೇಲೆ ತರಬೇತಿ ಶಾಲೆಯ ಪುಟ್ಟ ವಿಮಾನಗಳು ಏರಿಳಿದು ಅಭ್ಯಾಸ ಮಾಡ್ತವೆ. ಅದೂ ಕೆಲಸವೇ, ಒಳ್ಳೆಯ ಕೆಲಸವೇ. ಆದರೆ ನೆಲ ಬಿಟ್ಟುಕೊಟ್ಟ ರೈತನಿಗೆ ಹೇಳಿದ್ದು ಅದಲ್ಲ.

ಕಲಬುರಗಿಯನ್ನೂ ಅಂತಾರಾಷ್ಟ್ರೀಯ ಮಾಡಿ ಅನ್ನುವ ಭಾಷಣಗಳು ಆಗಾಗ ಕೇಳಿಸ್ತವೆ. ನಾನು ಆ ಗುಂಪಿನಲ್ಲಿ ಇಲ್ಲ. ಬೋರ್ಡ್ ಬದಲಿಸಿದರೆ ಕಸ್ಟಮ್ಸ್ ಕೌಂಟರ್ ಬರುತ್ತೆ, ವಿಮಾನ ಬರಲ್ಲ. ನನ್ನ ಬೇಡಿಕೆ ಸಣ್ಣದು. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ರಾತ್ರಿ ವಾಪಸ್ ಬರುವ ಹಾಗೆ ಬೆಂಗಳೂರಿಗೆ ನಂಬಬಹುದಾದ ವೇಳಾಪಟ್ಟಿ. ಮೂರು ವರ್ಷದ ಸಹಾಯಧನವನ್ನು ಇಂಥ ಜಿಲ್ಲೆಗಳಿಗೆ ಹೆಚ್ಚು ಕಾಲ ಮುಂದುವರಿಸುವುದು. ಯಾದಗಿರಿ, ಶಹಾಪುರ, ಸುರಪುರದಿಂದ ವಿಮಾನದ ಹೊತ್ತಿಗೆ ಸರಿಯಾಗಿ ಸರ್ಕಾರಿ ಬಸ್ಸು. ತುರ್ತು ರೋಗಿಗಳಿಗೆ ಸೀಟು. ಇಷ್ಟು ಮಾಡಿದರೆ ಅಭ್ಯಾಸ ತಾನಾಗೇ ಬೆಳೆಯುತ್ತೆ.

ಮಂಗಳೂರಿನ ಬೇಡಿಕೆ ಬೇರೆ. ಅಲ್ಲಿ ಹೊಸ ಊರಿಗೆ ಹೊಸ ವಿಮಾನ ಬಿಡುವ ಮೊದಲು ರನ್‌ವೇ ತುದಿಗೆ ಇನ್ನಷ್ಟು ಜಾಗ, ಇಲ್ಲವೇ ವಿಮಾನವನ್ನು ಹಿಡಿದು ನಿಲ್ಲಿಸುವ ವಿಶೇಷ ಹಾಸು. ಕಣಿವೆ ತುಂಬಿಸಲು ಹಣ ಬೇಕು, ನೆಲ ಬೇಕು, ನೆಲ ಕೊಡುವವರಿಗೆ ನ್ಯಾಯದ ಬೆಲೆ ಬೇಕು. ಅದು ದುಬಾರಿ ಅನ್ನುವವರು ಒಮ್ಮೆ ಕೂಳೂರಿಗೆ ಹೋಗಿ ಬರಲಿ.

ಒಂದು ಕಡೆ ಜನ ಇದ್ದಾರೆ, ಜಾಗ ಇಲ್ಲ. ಇನ್ನೊಂದು ಕಡೆ ಜಾಗ ಇದೆ, ಜನರ ಕೈಯಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಎರಡೂ ಒಂದೇ ರಾಜ್ಯ, ಎರಡೂ ಕಡೆ ಮನೆ ಬಿಟ್ಟು ದುಡಿಯಲು ಹೋಗುವವರೇ. ಕರಾವಳಿಯವನು ದುಬೈಗೆ ಹೋದ, ಹಣ ಕಳಿಸಿದ, ಅವನ ಹಣದಲ್ಲಿ ಎದ್ದ ಮನೆಗೆ ಕಲ್ಲು ಹೊರಲು ಸುರಪುರದವನು ಮಂಗಳೂರಿಗೆ ಹೋದ. ಕಲಬುರಗಿಯ ರನ್‌ವೇ ತುಂಬುವುದು ಯಾವಾಗ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಸುರಪುರದವನಿಗೆ ಊರಲ್ಲೇ ವರ್ಷಪೂರ್ತಿ ಕೂಲಿ ಸಿಕ್ಕು, ಹಬ್ಬಕ್ಕೆ ಬರುವ ಮಗನಿಗೆ ಟಿಕೆಟ್ ತೆಗೆಸುವಷ್ಟು ದುಡ್ಡು ಅವನ ಕೈಯಲ್ಲಿ ಉಳಿದಾಗ. 3175 ಮೀಟರ್ ಡಾಂಬರು ಸರ್ಕಾರ ಹಾಕಿಯಾಗಿದೆ. ಬಾಕಿ ಇರುವುದು ಆ ಕೆಲಸ.